ಹುಟ್ಟುಗುಣದ ಕುರಿತು ಗೆಳೆಯನಿಗೊಂದು ಪತ್ರ

ಉಡುಪಿ

ಪ್ರಿಯ ಸುಧಾಕರ,

ಮಗನ ಬಗ್ಗೆ ನೀನು ಬರೆದದ್ದನ್ನು ಓದಿದೆ. ಎಲ್‌ಕೆಜಿಗೆ ಸೇರಿ ಎರಡು ವಾರ ಕಳೆದರೂ ಅವನು ತರಗತಿಯಲ್ಲಿ ತುಟಿ ಬಿಚ್ಚುತ್ತಿಲ್ಲ, ಅವನ ಅಕ್ಕನೋ ಅದೇ ಶಾಲೆಯಲ್ಲಿ ಮೊದಲ ದಿನವೇ ಟೀಚರ ಕೈ ಹಿಡಿದು ಊರ ಸುದ್ದಿಯೆಲ್ಲ ಹೇಳಿದ್ದಳು. ಒಂದೇ ಮನೆಯಲ್ಲಿ ಒಂದೇ ಅನ್ನ ತಿಂದು ಬೆಳೆದ ಮಕ್ಕಳು ಇಷ್ಟು ಬೇರೆಯಾಗುವುದು ಹೇಗೆ, ದೊಡ್ಡವನಾದ ಮೇಲೂ ಇವನು ಹೀಗೆಯೇ ಉಳಿಯುತ್ತಾನೆಯೇ ಎಂಬುದು ನಿನ್ನ ಚಿಂತೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಅಮ್ಮ ತೀರ್ಪು ಕೊಟ್ಟುಬಿಟ್ಟಿದ್ದಾರಂತೆ. ಹುಟ್ಟುಗುಣವೆಂಬುದು ಇದೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಅದು ಕದಲುವುದೇ ಇಲ್ಲ ಎಂಬುದರ ಬಗ್ಗೆ ನನ್ನ ತಕರಾರಿದೆ.

ಮಕ್ಕಳ ತೊಂದರೆಗಳಿಗೆಲ್ಲ ತಾಯಿ ಸಾಕಿದ ರೀತಿಯೇ ಕಾರಣವೆಂದು ಮನೋವೈದ್ಯರು ಬಲವಾಗಿ ನಂಬಿದ್ದ ಕಾಲದಲ್ಲಿ, 1956ರಲ್ಲಿ, ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ನೂರಕ್ಕೂ ಹೆಚ್ಚು ಹಸುಗೂಸುಗಳನ್ನು ಗಮನಿಸತೊಡಗಿ, ಅವರು ಪ್ರೌಢರಾಗುವವರೆಗೂ ಬೆನ್ನುಹತ್ತಿದರು. ಹಸಿವು-ನಿದ್ರೆಗಳ ಕ್ರಮ, ಚಟುವಟಿಕೆ, ಹೊಸದರ ಬಳಿಗೆ ಹೋಗುವುದು ಅಥವಾ ಹಿಂಜರಿಯುವುದು, ಹೊಂದಿಕೊಳ್ಳಲು ಹಿಡಿಯುವ ಸಮಯ ಮುಂತಾದ 9 ಗುಣಗಳನ್ನು ಅಳೆದಾಗ, ಸುಮಾರು ಶೇ. 40 ಮಕ್ಕಳು ಸಲೀಸಾದವರು, ಶೇ. 10 ಮಕ್ಕಳು ಕಷ್ಟದವರು, ಶೇ. 15 ಮಕ್ಕಳು ನಿಧಾನವಾಗಿ ಹೊಂದಿಕೊಳ್ಳುವವರು ಎಂದು ಕಂಡುಬಂತು. ಉಳಿದ ಶೇ. 35 ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ. ಈ ವಿಂಗಡಣೆಯನ್ನು ಹೇಳುವವರು ಆ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಿನ್ನ ಮಗ ಮೂರನೆಯ ಗುಂಪಿನವನೆಂದು ನನಗನ್ನಿಸುತ್ತದೆ.

ಆ ಗುಂಪುಗಳನ್ನು ಕಣ್ಣಾರೆ ನೋಡಬೇಕೆಂದರೆ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ನಮ್ಮ ರಥಬೀದಿಯಲ್ಲಿ ಹುಲಿವೇಷದ ಎದುರು ನಿಲ್ಲಬೇಕು. ತಾಸೆ ವಾದ್ಯದ ಪೆಟ್ಟು ಕಿವಿಗೆ ಬಿದ್ದದ್ದೇ ಒಂದು ಮಗು ಅಪ್ಪನ ಹೆಗಲ ಮೇಲೆಯೇ ಕುಣಿಯತೊಡಗುತ್ತದೆ, ಇನ್ನೊಂದು ಕಿರುಚಿ ಅಪ್ಪನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ, ಮತ್ತೊಂದು ಅಜ್ಜಿಯ ಸೆರಗಿನ ಮರೆಯಿಂದಲೇ ನೋಡುತ್ತ ನಿಂತು, ಎರಡು-ಮೂರು ತಂಡಗಳು ದಾಟಿಹೋದ ಮೇಲೆ ಒಂದು ಹೆಜ್ಜೆ ಮುಂದೆ ಬಂದಿರುತ್ತದೆ. ಅಳುವ ಮಗುವನ್ನು ಫೋಟೋಕ್ಕಾಗಿ ಹುಲಿಯ ಕೈಗೇ ಕೊಟ್ಟುಬಿಡುವ ಅಪ್ಪಂದಿರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ, ಮಾರಾಯ.

ಇದೇ ವ್ಯತ್ಯಾಸವನ್ನು ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ 4 ತಿಂಗಳ ಕೂಸುಗಳಲ್ಲಿ ಅಳೆದರು. ತೂಗಾಡುವ ಆಟಿಕೆ, ಅಪರಿಚಿತ ದನಿ, ಹೊಸ ವಾಸನೆ ಎದುರಾದಾಗ ಸುಮಾರು ಶೇ. 20 ಕೂಸುಗಳು ಕೈಕಾಲು ಬಡಿದು ಅತ್ತವು, ಶೇ. 40ರಷ್ಟು ಆರಾಮವಾಗಿ ಮಲಗಿದ್ದವು. ಹೀಗೆ ಕೈಕಾಲು ಬಡಿದವುಗಳಲ್ಲಿ ಹಲವು ಮುಂದೆ ಹೊಸ ಜನರೆದುರು ಹಿಂಜರಿಯುವ ಮಕ್ಕಳಾದವು. ಅವರ ಬಳಗದವರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಎರಡನೆಯ ವಯಸ್ಸಿನಲ್ಲಿ ಅಂಜುಬುರುಕರಾಗಿದ್ದವರು ಪ್ರಾಯಕ್ಕೆ ಬಂದ ಮೇಲೂ, ಗುರುತಿಲ್ಲದ ಮುಖ ಕಂಡಾಗ ಅವರ ಮಿದುಳಿನಲ್ಲಿ ಹೆದರಿಕೆಗೆ ಸ್ಪಂದಿಸುವ ಅಮಿಗ್ಡಾಲ ಎಂಬ ಭಾಗ ಇತರರಿಗಿಂತ ಹೆಚ್ಚು ಚುರುಕಾಗುತ್ತಿತ್ತು. ಇಲ್ಲಿಯವರೆಗೆ ಅಮ್ಮನ ಗಾದೆ ಗೆದ್ದಂತೆಯೇ ಕಾಣುತ್ತದೆ. ಆದರೆ ಕೈಕಾಲು ಬಡಿದು ಅತ್ತ ಆ ಕೂಸುಗಳಲ್ಲಿ ಕೊನೆಯವರೆಗೆ ತೀರಾ ನಾಚಿಕೆಯವರಾಗಿ ಉಳಿದವರು ಒಂದು ಪಾಲು ಮಾತ್ರ. ಬಹುತೇಕರು ನಡುವಿನಲ್ಲೆಲ್ಲೋ ನೆಲೆನಿಂತರು. ತುಂಬ ಧೈರ್ಯಶಾಲಿಗಳಾದವರೂ ವಿರಳವೇ. ಹುಟ್ಟುಗುಣವು ಮಗು ಏನಾಗುತ್ತದೆ ಎಂದು ಹೇಳುವುದಕ್ಕಿಂತ, ಏನಾಗುವುದು ಕಷ್ಟ ಎಂಬುದನ್ನು ಹೆಚ್ಚು ಖಚಿತವಾಗಿ ಹೇಳುತ್ತದೆಂದು ಕೇಗನ್ ಅಭಿಪ್ರಾಯಪಟ್ಟಿದ್ದರು.

ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿರುವ ಅಧ್ಯಯನವೂ ಇದನ್ನೇ ಹೇಳುತ್ತದೆ. 3ನೆಯ ವಯಸ್ಸಿನಲ್ಲಿ ಹತೋಟಿಯಿಲ್ಲದೆ ಚಡಪಡಿಸುತ್ತಿದ್ದವರು 26ರಲ್ಲಿ ಸಿಡುಕು, ಜಗಳಗಳ ಕಡೆಗೂ, ಹಿಂಜರಿಯುತ್ತಿದ್ದವರು ಎಚ್ಚರಿಕೆ, ಸಂಕೋಚಗಳ ಕಡೆಗೂ ವಾಲಿದ್ದರು. ಇದು ಗುಂಪುಗಳ ಸರಾಸರಿ; ಒಬ್ಬ ಹುಡುಗನ ಭವಿಷ್ಯವನ್ನು ಇದರಿಂದ ಯಾರೂ ಓದಲಾರರು.

ಇನ್ನು ‘ಒಂದೇ ಮನೆ’ಯ ಮಾತು. ನಿನ್ನ ಪತ್ರದಲ್ಲಿ ನಾನು ಒಪ್ಪದಿರುವುದು ಇದೊಂದನ್ನೇ. ಮದುವೆಯ ಹಾಲ್‌ನಲ್ಲಿ ಮಗಳು ಯಾರನ್ನು ಕಂಡರೂ ನಗುತ್ತಾಳೆ. ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ ಎಲ್ಲರೂ ಅವಳನ್ನು ಕರೆದು ಮಾತನಾಡಿಸುತ್ತಾರೆ, ಹಾಡು ಹೇಳಿಸುತ್ತಾರೆ, ಹೀಗಾಗಿ ಅವಳಿಗೆ ಮಾತಿನ ಅಭ್ಯಾಸ ದಿನವೂ ಬೆಳೆಯುತ್ತದೆ. ಮಗ ನಿನ್ನ ಕಾಲ ಹಿಂದೆ ಅಡಗುತ್ತಾನೆ, ‘ಹೆಸರೇನು ಮಗಾ?’ ಎಂದು ಕೇಳಿದವರಿಗೆ ಅವನ ಪರವಾಗಿ ನೀನೇ ಉತ್ತರ ಕೊಡುತ್ತೀಯೆ, ಕೇಳಿದವರು ‘ಇವನಿಗೆ ನಾಚಿಕೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಮಗುವಿನ ಸ್ವಭಾವವು ಸುತ್ತಲಿನವರಿಂದ ಒಂದು ಬಗೆಯ ನಡವಳಿಕೆಯನ್ನು ಎಳೆದುಕೊಳ್ಳುತ್ತದೆ, ಆ ನಡವಳಿಕೆ ಸ್ವಭಾವವನ್ನು ಇನ್ನಷ್ಟು ಗಟ್ಟಿಮಾಡುತ್ತದೆ ಅಥವಾ ಸಡಿಲಿಸುತ್ತದೆ. ನಿನ್ನ ಇಬ್ಬರು ಮಕ್ಕಳು ಬೆಳೆಯುತ್ತಿರುವುದು ಎರಡು ಬೇರೆ ಬೇರೆ ಮನೆಗಳಲ್ಲಿ, ಸುಧಾಕರ.

ಥಾಮಸ್ ಮತ್ತು ಚೆಸ್ ಕೊನೆಗೆ ತಲುಪಿದ್ದೂ ಇಲ್ಲಿಗೇ. ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ಮನೆ-ಶಾಲೆಗಳ ನಿರೀಕ್ಷೆಗೂ ಮಗುವಿಗೂ ಹೊಂದಿಕೆ ಇದೆಯೇ ಎಂಬುದೇ ಮುಖ್ಯವೆಂದು ಅವರು ಕಂಡುಕೊಂಡರು. ಆ ನಿರೀಕ್ಷೆ ಊರಿನಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಶಾಂಘೈಯಲ್ಲಿ 1990ರಲ್ಲಿ ನಾಚಿಕೆಯ ಮಕ್ಕಳನ್ನು ಸಹಪಾಠಿಗಳು ಮೆಚ್ಚುತ್ತಿದ್ದರು, ಟೀಚರುಗಳು ಹೊಗಳುತ್ತಿದ್ದರು. ಮಾರುಕಟ್ಟೆ-ಸ್ಪರ್ಧೆಗಳು ಬೆಳೆದ ಮೇಲೆ, 2002ರ ಹೊತ್ತಿಗೆ, ಅಂಥ ಮಕ್ಕಳನ್ನೇ ದೂರವಿಡತೊಡಗಿದ್ದರೆಂದು ಮನಶ್ಶಾಸ್ತ್ರಜ್ಞ ಶಿನ್‌ಯಿನ್ ಚೆನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ನಮ್ಮಲ್ಲೂ ಸಾಧು ಸ್ವಭಾವದ ಮಗುವನ್ನು ‘ಪಾಪದ ಮಗು’ ಎಂದರೆ ಹಿಂದೆ ಹೊಗಳಿಕೆಯಾಗಿತ್ತು. ಈಗ ಅದೇ ಮಗುವನ್ನು ‘ಪರ್ಸನಾಲಿಟಿ ಡೆವಲಪ್‌ಮೆಂಟ್’ ಶಿಬಿರಕ್ಕೆ ಕಳುಹಿಸುತ್ತೇವೆ.

ಹಾಗಾದರೆ ಏನು ಮಾಡಬೇಕು? ಅವನನ್ನು ಎಲ್ಲದರಿಂದಲೂ ಕಾಯುವುದು ಬೇಡ. ಬೆಚ್ಚಿಬೀಳುವ ಕೂಸುಗಳಲ್ಲಿ, ಅತಿಯಾಗಿ ರಕ್ಷಿಸದೆ ಮೆಲ್ಲಗೆ ಮಿತಿಗಳನ್ನು ಹಾಕಿದ ತಾಯಂದಿರ ಮಕ್ಕಳ ಭಯವೇ ಹೆಚ್ಚು ತಗ್ಗಿತೆಂದು ಕೇಗನ್ ಬಳಗ ಗಮನಿಸಿದೆ. ನೂಕುವುದೂ ಬೇಡ. ನೆಂಟರ ಮನೆಗೆ ಜನ ಸೇರುವ ಮೊದಲೇ ಅವನನ್ನು ಕರೆದುಕೊಂಡು ಹೋಗು, ಹತ್ತು ಮಕ್ಕಳ ನಡುವೆ ಬಿಡುವ ಬದಲು ಒಬ್ಬ ಸಹಪಾಠಿಯನ್ನು ಮನೆಗೆ ಕರೆ, ಹೆಸರು ಕೇಳಿದವರೆದುರು ಸ್ವಲ್ಪ ಹೊತ್ತು ಸುಮ್ಮನಿರು. ಗದರಿಕೆಯೂ ಇಬ್ಬರಿಗೂ ಒಂದೇ ಆಗಬಾರದು: ಅಂಜುವ ಮಕ್ಕಳಿಗೆ ಮೆದುವಾದ ತಿದ್ದುವಿಕೆಯೇ ಸಾಕಾಗುತ್ತದೆ, ಅಂಜದವರನ್ನು ದಾರಿಗೆ ತರುವುದು ಹೆತ್ತವರೊಡನೆಯ ಗೆಳೆತನವೇ ಎಂದು ಮನಶ್ಶಾಸ್ತ್ರಜ್ಞೆ ಗ್ರಾಜಿನಾ ಕೊಚಾನ್‌ಸ್ಕಾ ಅವರ ಅಧ್ಯಯನಗಳು ಹೇಳುತ್ತವೆ. ಮಗಳ ವಿಷಯದಲ್ಲಿ ಇದನ್ನು ನೆನಪಿಡು. ಅವಳು ಬೈಗುಳಕ್ಕೆ ಬಗ್ಗುವವಳಲ್ಲ.

ಒಂದು ಎಚ್ಚರಿಕೆ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗು ಶಾಲೆಯಲ್ಲಿ ಮಾತ್ರ ಒಂದು ತಿಂಗಳಿಗಿಂತ ಹೆಚ್ಚು ಕಾಲ ಪೂರ್ತಿ ಮೌನವಾಗಿದ್ದರೆ, ಅದನ್ನು ಕೇವಲ ನಾಚಿಕೆಯೆಂದು ಬಿಡಬಾರದು; ಅದು ಆತಂಕದ ಒಂದು ತೊಂದರೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ವೈದ್ಯರು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಈಗಲೇ ಗಾಬರಿಯಾಗಬೇಡ. ಆಗಸ್ಟ್ ಬಂದರೂ ಹೀಗೆಯೇ ಇದ್ದರೆ ಮಂಗಳೂರಿನಲ್ಲೇ ಮಕ್ಕಳ ಮನೋವೈದ್ಯರೊಬ್ಬರಿಗೆ ತೋರಿಸು. ಅಲ್ಲಿಯವರೆಗೆ, ಹಾಜರಿ ಕರೆಯುವಾಗ ಅವನು ಕೈಯೆತ್ತಿದರೂ ಸಾಕೆಂದು ಟೀಚರಿಗೆ ಒಂದು ಮಾತು ಹೇಳಿಡು. ಅತ್ತಿಗೆಗೂ ಅಮ್ಮನಿಗೂ ನನ್ನ ನಮಸ್ಕಾರ.

ನಿನ್ನ,
ಗಣೇಶ