ರಾತ್ರಿ ಪಾಳಿಯ ಡಾಕ್ಟರಮ್ಮನಿಗೆ

ಈ ಭಾನುವಾರ ಮಗಳಿಗೆ ವರ್ಷ ತುಂಬುತ್ತದೆ. ತಿಂಗಳು ತುಂಬುವ ಮುಂಚೆಯೇ ಹುಟ್ಟಿದಳು, ಏನೇನಾಯಿತು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಗುಬ್ಬಿಯಿಂದ ಬಸ್ಸಿನಲ್ಲಿ ದಿನಾ ಊಟ ಹೊತ್ತು ತಂದ ಅತ್ತೆ-ಮಾವ, ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ರಕ್ತ ಕೊಡಲು ಓಡಿಬಂದ ತುಮಕೂರಿನ ಗೆಳೆಯರು, ಮಗುವನ್ನು ಬರಿ ಎದೆಗೆ ಅವಚಿಕೊಂಡು ಕೂರುವುದನ್ನು ನನಗೂ ಕಲಿಸಿದ ಸಿಸ್ಟರ್‌ಗಳು, ಎಲ್ಲರಿಗೂ ಕೈಮುಗಿಯುತ್ತೇನೆ.

ಮಿಕ್ಕಿದ್ದು ಒಬ್ಬರಿಗೇ. ಮಕ್ಕಳ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದ ಡಾಕ್ಟರಮ್ಮ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬೇಕು ಎಂದಾಗ ಮನೆಯವರೆಲ್ಲ ಗಾಬರಿಯಾದರು. "ಸ್ಟಿರಾಯ್ಡಾ? ಬೇಡವೇ ಬೇಡ" ಅಂತ ದೊಡ್ಡಮ್ಮ ಎದ್ದೇ ನಿಂತರು. ಡಾಕ್ಟರಮ್ಮ ಗದರಲಿಲ್ಲ. ಒಂದು ಹಾಳೆ ತೆಗೆದುಕೊಂಡು ನಡುವೆ ನೆಟ್ಟಗೆ ಒಂದು ಗೆರೆ, ಅದರ ಆಚೀಚೆ ಏಳು ಅಡ್ಡಗೆರೆ, ಕೆಳಗೆ ಎಡಕ್ಕೊಂದು ಪುಟ್ಟ ವಜ್ರ ಬರೆದರು. ಒಂದೊಂದು ಅಡ್ಡಗೆರೆಯೂ ಒಂದೊಂದು ಅಧ್ಯಯನ, ವಜ್ರ ಎಲ್ಲದರ ಒಟ್ಟು ಫಲ; ನಡುಗೆರೆಯ ಎಡಕ್ಕಿದ್ದರೆ ಇಂಜೆಕ್ಷನ್ನಿನಿಂದ ಒಳಿತು. ಮೊದಲನೆಯದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ್ದರು. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನವು ನಡುಗೆರೆಯನ್ನು ಮುಟ್ಟಿಕೊಂಡೇ ಇವೆ, ಅಂದರೆ ಖಚಿತವಾಗಿ ಹೇಳುವ ಹಾಗಿಲ್ಲ. ಎಲ್ಲವನ್ನೂ ಕೂಡಿಸಿದಾಗ ಮಾತ್ರ ಆ ವಜ್ರ ಗೆರೆ ದಾಟಿ ಎಡಕ್ಕೆ ಬರುತ್ತದೆ: ಇಂಜೆಕ್ಷನ್ ಪಡೆದ ತಾಯಂದಿರ ಮಕ್ಕಳು ಹೆಚ್ಚು ಬದುಕುತ್ತಾರೆ. ಹಾಗೆ ಕೂಡಿಸಿ ನೋಡುವಷ್ಟರಲ್ಲಿ 1980ರ ದಶಕ ಮುಗಿಯುತ್ತ ಬಂದಿತ್ತು. ವೈದ್ಯಕೀಯ ಅಧ್ಯಯನಗಳನ್ನು ಹೀಗೆ ಕೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ಲಾಂಛನ ಹುಟ್ಟಿದ್ದು ಈ ಚಿತ್ರದಿಂದಲೇ ಅಂತೆ.

ಆಮೇಲೆ ನಮ್ಮೆಲ್ಲರನ್ನೂ ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿ, "ನಿಮಗೇನು ಅನ್ಸುತ್ತಮ್ಮಾ?" ಎಂದರು. ಅವಳು "ಕೊಡಿ ಮೇಡಂ" ಎಂದಳು.

ಮಗು ಉಸಿರಾಡುವುದನ್ನೇ ಮರೆತುಬಿಡುತ್ತಿದ್ದ ಆ ರಾತ್ರಿ ಡಾಕ್ಟರಮ್ಮನ ಡ್ಯೂಟಿ ಮುಗಿದಿತ್ತು. ಆದರೂ ಹೋಗಲಿಲ್ಲ. ಮಾನಿಟರ್ ಕೂಗಿದಾಗಲೆಲ್ಲ ಬೆರಳ ತುದಿಯಿಂದ ಮಗುವಿನ ಅಂಗಾಲು ತಟ್ಟುತ್ತಿದ್ದುದು ಗಾಜಿನಾಚೆಯಿಂದ ಕಾಣುತ್ತಿತ್ತು. ಬೆಳಗಿನ ಜಾವ ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. "ಉಳೀತಾಳಾ ಮೇಡಂ?" ಎಂದೆ.

"ಗೊತ್ತಿಲ್ಲ ಸರ್. ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ. ಮಾಡಬೇಕಾದ್ದು ಒಂದನ್ನೂ ಬಿಟ್ಟಿಲ್ಲ."

ನಾನು ಜೋರಾಗಿ ಅತ್ತುಬಿಟ್ಟೆ. ಅಷ್ಟು ಹೊತ್ತು ಎಲ್ಲರೂ "ಏನೂ ಆಗಲ್ಲ" ಅನ್ನುತ್ತಿದ್ದರು. ನಿಜ ಹೇಳಿದವರು ಅವರೊಬ್ಬರೇ, ಹೇಳಿ ಎದ್ದುಹೋಗದೆ ಕೂತವರೂ ಅವರೇ.

ನನ್ನ ಅಳು ನಿಂತ ಮೇಲೆ, ತಾವು ಮೆಚ್ಚುವ ವೈದ್ಯರೊಬ್ಬರ ವಿಷಯ ಹೇಳಿದರು: ಡೇವಿಡ್ ಸ್ಯಾಕೆಟ್. ಷಿಕಾಗೋದಲ್ಲಿ 1934ರಲ್ಲಿ ಹುಟ್ಟಿದವರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗವನ್ನೇ ಕಟ್ಟಲು ಹೊರಟಾಗ ಅವರಿಗೆ ಇನ್ನೂ 32. ಹೆಸರು, ಹುದ್ದೆ ಎಲ್ಲ ಬಂದ ಮೇಲೆ 49ನೇ ವಯಸ್ಸಿನಲ್ಲಿ, ರೋಗಿಗಳನ್ನು ನೋಡಲು ತಾವು ಕಲಿತದ್ದು ಸಾಲದು ಅನ್ನಿಸಿ, ಮತ್ತೆ ರೆಸಿಡೆಂಟ್ ಆಗಿ, ಅಂದರೆ ತರಬೇತಿಯ ವೈದ್ಯರಾಗಿ, ವಾರ್ಡಿಗೆ ಸೇರಿದರು. 1994ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಪುರಾವೆ ಆಧಾರಿತ ವೈದ್ಯಕೀಯಕ್ಕೆ, ಅಂದರೆ ಅಧ್ಯಯನಗಳ ಪುರಾವೆ ನೋಡಿ ಚಿಕಿತ್ಸೆ ನಿರ್ಧರಿಸುವ ರೀತಿಗೆ, ಕೇಂದ್ರ ಕಟ್ಟಿದರು. ಅಧ್ಯಯನಗಳಷ್ಟೇ ಸಾಲದು, ವೈದ್ಯರ ಅನುಭವವೂ ರೋಗಿಯ ಇಷ್ಟವೂ ಸೇರಬೇಕು ಎಂದು 1996ರಲ್ಲಿ ಸಂಗಡಿಗರೊಂದಿಗೆ ಬರೆದರು. ನನ್ನ ಹೆಂಡತಿಗೆ ಕೇಳಿದ ಆ ಪ್ರಶ್ನೆಯ ಬೇರು ಎಲ್ಲಿತ್ತು ಅಂತ ನನಗೆ ಆಗ ಹೊಳೆಯಿತು.

ಸ್ಯಾಕೆಟ್ 2015ರಲ್ಲಿ ತೀರಿಕೊಂಡರು. ಅವರಿಗೂ, ತಮಗೆ ಸಿಗುವುದು ಔಷಧಿಯೋ ಅಲ್ಲವೋ ತಿಳಿಯದೆಯೇ ಆ ಅಧ್ಯಯನಗಳಿಗೆ ಒಪ್ಪಿದ ತಾಯಂದಿರಿಗೂ ನಮ್ಮ ಮನೆ ಋಣಿ. ಅವರಲ್ಲಿ ಕೆಲವರ ಮಕ್ಕಳು ಉಳಿಯಲಿಲ್ಲ ಅನ್ನುವುದನ್ನು ನೆನೆದರೆ ಇವತ್ತಿಗೂ ಕರುಳು ಕಿವುಚುತ್ತದೆ.

ಮೇಡಂ, ನಿಮಗೀಗ ಪರೀಕ್ಷೆಯ ಸಮಯ, ಭಾನುವಾರ ಬರಲಾಗುವುದಿಲ್ಲ ಎಂದು ಗೊತ್ತು. ಚೆನ್ನಾಗಿ ಬರೆಯಿರಿ. ಮುಗಿದ ಮೇಲೆ ಒಂದು ದಿನ ಊಟಕ್ಕೆ ಬನ್ನಿ. ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ, ದೊಡ್ಡಮ್ಮ ನಿಮಗೆ ಅಂತ ಒಬ್ಬಟ್ಟು ಮಾಡುವುದಾಗಿ ಈಗಲೇ ಹೇಳಿಟ್ಟಿದ್ದಾರೆ.