ನಮ್ಮ ಬೀದಿಯ ಚಕ್ಕುಬಂದಿ

ಪ್ರೀತಿಯ ಮಂಜ,

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, ಮಳೆ ಬಂದರೆ ಈಗಲೂ ನಮ್ಮ ಬೀದಿಯಲ್ಲಿ ನೀರು ನಿಲ್ಲುತ್ತಾ ಅಂತ. ನಿಲ್ಲುತ್ತೆ ಕಣೋ. ಮೊದಲಿಗಿಂತ ಜಾಸ್ತಿ. ಆದರೆ ಯಾಕೆ ನಿಲ್ಲುತ್ತೆ ಅನ್ನೋದು ನನಗೆ ಈಗ ಗೊತ್ತಾಗಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಗೆ ಇ-ಖಾತಾ ಮಾಡಿಸೋಣ ಅಂತ ಅಪ್ಪನ ಟ್ರಂಕು ತೆಗೆದೆ. ಮೇಲೆ ಅಮ್ಮನ ಮದುವೆ ಸೀರೆ, ಅದರ ಕೆಳಗೆ ನುಸಿಗುಳಿಗೆ ವಾಸನೆಯ ಕಾಗದಗಳು. 1984ರ ನಮ್ಮ ಕ್ರಯಪತ್ರ ಸಿಕ್ಕಿತು. ಅದಕ್ಕೆ ಟ್ಯಾಗಿನಲ್ಲಿ ಕಟ್ಟಿದ್ದ 1969ರ ಮೂಲಪತ್ರವೂ ಸಿಕ್ಕಿತು. ಬೇರೆಯದೆಲ್ಲ ಎಂದಿನ ಒಕ್ಕಣೆ. ನಾನು ಸಿಕ್ಕಿಬಿದ್ದದ್ದು ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ಬರೆದಿರುವ ಕಡೆ.

1969ರ ಪತ್ರದಲ್ಲಿ ಹೀಗಿದೆ: ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಇದೇ ನಂಬರಿನ ಉಳಿಕೆ ಜಮೀನು, ಉತ್ತರಕ್ಕೆ ಹುಣಸೆಮರ ಮತ್ತು ಬದು, ದಕ್ಷಿಣಕ್ಕೆ ಕಾಲುವೆ. ಒಂದು ಎಕರೆ ಹತ್ತು ಗುಂಟೆ ರಾಗಿ ಹೊಲ. ಹದಿನೈದು ವರ್ಷ ಬಿಟ್ಟು ಅದೇ ಹೊಲದ ಒಂದು ಸೈಟು ಅಪ್ಪನ ಹೆಸರಿಗೆ ಬರುವಾಗ ದಕ್ಷಿಣಕ್ಕೆ 20 ಅಡಿ ರಸ್ತೆ ಅಂತಿದೆ. ಮಧ್ಯೆ ಕಾಲುವೆ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ನೀನೂ ನಾನೂ ಕ್ರಿಕೆಟ್ ಆಡಿದ 4ನೇ ಕ್ರಾಸೇ ಅದು. ಮಳೆ ನೀರು ತಪ್ಪು ಜಾಗಕ್ಕೆ ಬರುತ್ತಿರಲಿಲ್ಲ, ತನ್ನ ಹಳೇ ದಾರಿಗೇ ಬರುತ್ತಿತ್ತು. ಸುಮ್ನೆ ಇಷ್ಟು ವರ್ಷ ಮೋರಿಯನ್ನು ಬೈದುಕೊಂಡು ಕೂತಿದ್ದೆವು.

ನಂಬಿಕೆ ಬರಲಿಲ್ಲ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ರಸ್ತೆ ಮಧ್ಯೆ ನಿಂತೆ, ಸರ್ವೆ ನಂಬರು ನೋಡಿಕೊಂಡೆ. ಆಮೇಲೆ ಗ್ರಾಮ ನಕ್ಷೆ ತೆಗೆಸಿದೆ. ಎರಡು ನಂಬರುಗಳ ನಡುವೆ ಅಂಕುಡೊಂಕಾಗಿ ಕಾಲುವೆಯ ಗೆರೆ ಇದೆ. ಇಂಥ ಜಾಗವನ್ನು ಬಿ ಖರಾಬು ಅಂತಾರೆ. ಸಾರ್ವಜನಿಕರದ್ದು, ಯಾರೂ ಮಾರುವ ಹಾಗಿಲ್ಲ. ಯಾರೂ ಮಾರಲೂ ಇಲ್ಲ ಬಿಡು, ಮಣ್ಣು ಹಾಕಿ ರಸ್ತೆ ಅಂತ ತೋರಿಸಿದರು, ಅಷ್ಟೇ.

ಲೇಔಟು ಮಾಡಿದವರ ಲೆಕ್ಕ ನೋಡು. ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ನಾವು ಥರ್ಟಿ ಫಾರ್ಟಿ ಅನ್ನೋ ಸೈಟಿಗೆ 1,200 ಅಡಿ ಬೇಕು. ರಸ್ತೆಗೆ, ಪಾರ್ಕಿಗೆ ನೆಟ್ಟಗೆ ಬಿಟ್ಟರೆ ಎಕರೆಗೆ 20 ಸೈಟು ಆಗೋದೇ ಹೆಚ್ಚು. ನಮ್ಮಲ್ಲಿ ಒಂದೂಕಾಲು ಎಕರೆಗೆ 34 ಸೈಟು! ಪಾರ್ಕು ಯಾಕಿಲ್ಲ ಅಂತ ಇನ್ನು ಕೇಳಬೇಡ. ಕಾಲುವೆ ಮೇಲೆ ರಸ್ತೆ ಮಾಡಿಕೊಂಡರೆ ಹೊಲದೊಳಗೆ ರಸ್ತೆಗೆ ಅಷ್ಟು ಜಾಗ ಬಿಡೋದು ತಪ್ಪುತ್ತೆ, ಎರಡು ಸೈಟು ಜಾಸ್ತಿ ಬರುತ್ತೆ. ಭೂಪರಿವರ್ತನೆ ಇಲ್ಲ, ನಕ್ಷೆಗೆ ಮಂಜೂರಾತಿ ಇಲ್ಲ. ರೆವಿನ್ಯೂ ಸೈಟು ಅಂದರೆ ಇದೇ. ಅಪ್ಪನಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಕೊಳ್ಳುತ್ತಿದ್ದರು ಅನ್ನಿಸುತ್ತೆ. ಅವರ ಸಂಬಳಕ್ಕೆ ಸಿಗುತ್ತಿದ್ದದ್ದು ಇಂಥದ್ದೇ.

2ನೇ ಮೇನ್ ನೆನಪಿದೆಯಾ? ನೆಟ್ಟಗೆ ಬಂದು, ಹಿಟ್ಟಿನ ಗಿರಣಿ ಹತ್ತಿರ ಎಂಟಡಿ ಪಕ್ಕಕ್ಕೆ ಸರಿದು, ಮತ್ತೆ ನೆಟ್ಟಗಾಗುತ್ತೆ. ನೀನು ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡ ಜಾಗ. ಅಲ್ಲೇ ಆ ಉತ್ತರದ ಬದು. ಬದುವಿನ ಆ ಕಡೆ ಇನ್ನೊಬ್ಬರ ಹೊಲ, ಇನ್ನೊಬ್ಬರ ಲೇಔಟು. ಎರಡೂ ಕಡೆಯವರು ತಮ್ಮ ತಮ್ಮ ಹೊಲದ ಲೆಕ್ಕಕ್ಕೆ ರಸ್ತೆ ಎಳೆದರು, ಎದುರುಬದುರು ಕೂರಿಸಲಿಲ್ಲ. ಅದಕ್ಕೇ ಎರಡೆರಡು 3ನೇ ಕ್ರಾಸ್. ಪೋಸ್ಟ್‌ಮ್ಯಾನ್ ಈಗಲೂ ಒಂದನ್ನು ಗಿರಣಿ ಕ್ರಾಸ್ ಅಂತಲೇ ಕರೆಯುತ್ತಾರೆ. ಹುಣಸೆಮರ ಹೋಗಿ ಯಾವ ಕಾಲವಾಯಿತೋ, ಅದರ ನೆರಳಿದ್ದ ಕಡೆ ಟ್ರಾನ್ಸ್‌ಫಾರ್ಮರ್ ಇದೆ.

ಬೆಂಗಳೂರಿನ ಮಲ್ಲೇಶ್ವರದ ಕ್ರಾಸುಗಳು ಹೀಗಲ್ಲ. ಪ್ಲೇಗಿನ ಕಾಲದ ಆಸುಪಾಸಿನಲ್ಲಿ, ಜನ ಗಾಳಿ ಬೆಳಕಿನಲ್ಲಿ ಬದುಕಲಿ ಅಂತ ನಕ್ಷೆ ಬರೆದು ಸಾಲಾಗಿ ಎಳೆದ ಬೀದಿಗಳು ಅವು. ನಂಬರು ಹಾಕುವ ಅಭ್ಯಾಸವನ್ನು ನಾವೂ ತಂದುಕೊಂಡೆವು, ನಕ್ಷೆಯನ್ನು ತರಲಿಲ್ಲ.

ಆದರೆ ನಂಬರಿಗಿಂತ ನಮ್ಮ ತುಮಕೂರಿನ ಹಳೇ ಹೆಸರುಗಳೇ ವಾಸಿ ಕಣೋ, ಅವು ಸುಳ್ಳು ಹೇಳುವುದಿಲ್ಲ. ಹೊರಪೇಟೆ ಅಂತೀವಿ. ಇವತ್ತು ಅದಕ್ಕಿಂತ ಊರೊಳಗೆ ಯಾವುದಿದೆ ಹೇಳು? ಪೇಟೆಯ ಹೊರಗೆ ಅಂತ ಕರೆದವರ ಕಾಲಕ್ಕೆ ಊರು ಅಷ್ಟಕ್ಕೇ ಮುಗಿಯುತ್ತಿತ್ತು ಅಂತಾಯಿತು. ಮಂಡಿಪೇಟೆಯಲ್ಲಿ ಈಗಲೂ ಮಂಡಿ ಇವೆ, ಸರಿ. ಕೋತಿತೋಪಿನಲ್ಲಿ ತೋಪು ಎಲ್ಲಿದೆ? ಅಮಾನಿಕೆರೆ ಅಂದರೂ ಹಾಗೇ. ಯಾರಿಗೂ ಗುತ್ತಿಗೆ, ಇನಾಮು ಕೊಡದೆ ಸರ್ಕಾರವೇ ನೇರವಾಗಿ ಇಟ್ಟುಕೊಂಡಿದ್ದು ಅಮಾನಿ. ನಮ್ಮ ಕಡೆ ಮರಳೂರು, ಆ ಕಡೆ ಶೆಟ್ಟಿಹಳ್ಳಿ, ಉಪ್ಪಾರಹಳ್ಳಿ, ಎಲ್ಲ ಹಳ್ಳಿಗಳೇ. ಊರು ಬಂದು ಸುತ್ತಿಕೊಂಡಿತು. ನಮ್ಮ 4ನೇ ಕ್ರಾಸಿಗೆ ಕಾಲುವೆ ಬೀದಿ ಅಂತ ಹೆಸರು ಉಳಿದಿದ್ದರೆ ಮನೆ ಕಟ್ಟುವವರು ಎರಡು ಮೆಟ್ಟಿಲು ಎತ್ತರಿಸಿ ಕಟ್ಟುತ್ತಿದ್ದರು, ಅಲ್ವಾ?

ಬೀದಿಯವರಿಗೆ ಹೇಳಿದೆ. ಅರ್ಧ ಜನ ನನ್ನ ಮೇಲೇ ಸಿಟ್ಟಾದರು. "ಹಳೇ ಕಾಗದ ಕೆದಕಬೇಡಿ ಸಾರ್, ನಾಳೆ ಜೆಸಿಬಿ ಬಂದರೆ ಯಾರು ಹೊಣೆ" ಅಂದರು ಮೂಲೆಮನೆಯವರು. ಅವರ ಕಾಂಪೌಂಡು ರಸ್ತೆಗೆ ಮೂರಡಿ ಬಂದಿದೆ, ಅದು ಬೇರೆ ವಿಷಯ. ನನಗೂ ಭಯ ಇಲ್ಲ ಅಂತೇನಲ್ಲ. ಆದರೆ ಯಾರ ಮನೆಯೂ ಒಡೆಯೋದು ಬೇಡ, ರಸ್ತೆ ಕೆಳಗೆ ಕಾಲುವೆ ಅಗಲದಷ್ಟು ದೊಡ್ಡ ಚರಂಡಿ ಹಾಕಿ ಅಂತ ಅರ್ಜಿ ಕೊಡಬೇಕು. ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಕಾಲುವೆ ಎಷ್ಟಗಲ ಇತ್ತು? ನಮ್ಮ ಪತ್ರದಲ್ಲಿ ಬರೀ ಕಾಲುವೆ ಅಂತಿದೆ, ಅಗಲ ಇಲ್ಲ. ನನ್ನ ಕೈಲಿರುವ ನಕ್ಷೆಯಲ್ಲಿ ಅದು ಬರೀ ಗೆರೆ.

ಈಗ ನಿನ್ನ ಕೆಲಸ. ನಿಮ್ಮ ಮನೆ ಇದ್ದದ್ದು ರಸ್ತೆಯ ಆ ಬದಿ, ಬೇರೆಯವರ ಹೊಲದಲ್ಲಿ. ಮಾರುವಾಗ ನಿಮ್ಮಪ್ಪ ಹಳೇ ಪತ್ರಗಳ ಜೆರಾಕ್ಸ್ ಇಟ್ಟುಕೊಂಡಿದ್ದರು, ನನಗೆ ಚೆನ್ನಾಗಿ ನೆನಪಿದೆ. ಅಂಗಡಿಗೆ ಓಡಿಹೋಗಿ ಮಾಡಿಸಿಕೊಂಡು ಬಂದವನೇ ನಾನು. ಹುಡುಕಿ, ಉತ್ತರಕ್ಕೆ ಏನು ಬರೆದಿದೆ ನೋಡು. ಅಗಲ ಇದ್ದರೆ ಆ ಪುಟದ ಫೋಟೋ ತೆಗೆದು ಕಳಿಸು. ಮುಂಗಾರಿಗೆ ಮೊದಲೇ.

ನಿನ್ನ,
ಶಿವು