ಬೆಂಚಿನ ಆ ತುದಿ

ಪ್ರೀತಿಯ ಮಗಳೇ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ಅಮ್ಮ ನನ್ನ ಹತ್ತಿರ ಮಾತಾಡಿಲ್ಲ. ಅದಕ್ಕೇ ಬರೆಯಲು ಕೂತೆ.

ಚಿಕ್ಕಪ್ಪ ನಿನ್ನ ಮದುವೆಗೆ ಬಂದರೆ ನೀನು ಚರ್ಚಿನ ಮೆಟ್ಟಿಲೇ ಹತ್ತುವುದಿಲ್ಲ ಅಂದೆ. ಅವನ ಜೊತೆಗಿನ ಮನೆ ಪತ್ರದ ಕೇಸಿನ ವಿಷಯ ಇಲ್ಲಿ ಬೇಡ, ಅದು ಇಬ್ಬರಿಗೂ ಬಾಯಿಪಾಠ.

ನನಗೆ ಬೇರೆಯೇ ನೆನಪಾಗುತ್ತಿದೆ. ನಿನಗೆ ಆಗ ಆರು ವರ್ಷ. ಚರ್ಚಿನಲ್ಲಿ ಕರ್ತನ ರಾತ್ರಿ ಭೋಜನದ ಆರಾಧನೆ, ರೊಟ್ಟಿ-ದ್ರಾಕ್ಷಾರಸ ಹಂಚುವ ಆ ಆರಾಧನೆಯಲ್ಲಿ ಒಬ್ಬರಿಗೊಬ್ಬರು ಕೈ ಹಿಡಿದು ಸಮಾಧಾನ ಕೊಡುವ ಹೊತ್ತು. ನಮ್ಮ ಸಿಎಸ್ಐ (ದಕ್ಷಿಣ ಭಾರತ ಸಭೆ) ಕ್ರಮ ಗೊತ್ತಲ್ವಾ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಬರಬೇಕು. ಬೆಂಚಿನ ಆ ತುದಿಯಲ್ಲಿ ಚಿಕ್ಕಪ್ಪ, ಈ ತುದಿಯಲ್ಲಿ ನಾನು, ನಡುವೆ ನೀನು. ಅವನು ಎರಡೂ ಕೈ ಚಾಚಿದ. ನೀನು ನಗುತ್ತಾ ಕೈ ಕೊಟ್ಟೆ. ನಾನು ನಿನ್ನ ಮೊಣಕೈ ಹಿಡಿದು ಎಳೆದೆ. ಜೋರಾಗಿಯೇ ಎಳೆದೆ. ಒಂದು ಬಳೆ ಒಡೆಯಿತು. ಹಿಂದಿನ ಬೆಂಚಿನ ಅಜ್ಜಿ ಕೈ ಚಾಚಿಕೊಂಡೇ ಕಾಯುತ್ತಿದ್ದರು, ಅವರಿಗೆ ಕೊಡಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ನೀನು ಅಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದೆ. ಮುಂದಿನ ಸಲ ನೀನೇ ಕೈ ಕಟ್ಟಿಕೊಂಡು ಕೂತೆ. ಆಗ ನನಗೆ ಒಳಗೊಳಗೇ ಹೆಮ್ಮೆ ಆಗಿತ್ತು. ಇದನ್ನು ಅಮ್ಮನಿಗೂ ಹೇಳಿಲ್ಲ.

ಎಳೆದದ್ದು ನಾನು. ತಪ್ಪಾಯಿತು ಮಗಳೇ.

"ನಾನೇನು ಗ್ಲಾಡಿಸ್ ಸ್ಟೇನ್ಸ್ ಅಲ್ಲ" ಅಂದೆಯಲ್ಲ, ನಾನೂ ಅಲ್ಲ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಕೆಯ ಮಿಷನರಿ ಗಂಡನನ್ನೂ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಗಾಡಿಯಲ್ಲೇ ಸುಟ್ಟರು. ಆಕೆ ಕ್ಷಮಿಸಿದೆ ಅಂದರು. ಮಗಳನ್ನು ಕಟ್ಟಿಕೊಂಡು ಬಾರಿಪದದಲ್ಲೇ ಉಳಿದು, ಕುಷ್ಠರೋಗಿಗಳ ಕೆಲಸ ಮುಂದುವರಿಸಿದರು. ಆದರೆ ಕೇಸ್ ತನ್ನ ಪಾಡಿಗೆ ನಡೆಯಿತು, ಶಿಕ್ಷೆಯೂ ಆಯಿತು. ನಮ್ಮ ಕೇಸನ್ನೂ ನಾನು ವಾಪಸ್ ತೆಗೆಯುವುದಿಲ್ಲ. ಊಟಕ್ಕೆ ಕರೆಯುವುದು ಬೇರೆ, ಪತ್ರಕ್ಕೆ ಸಹಿ ಹಾಕುವುದು ಬೇರೆ.

ಬೈಬಲಿನ ಮತ್ತಾಯ 18ರ ಆ ಸಾಲದ ಕಥೆ ಗೊತ್ತಲ್ಲ. ಬ್ಯಾಂಕಿನವನ ಬುದ್ಧಿ, ಲೆಕ್ಕ ಹಾಕಿ ನೋಡಿದೆ. ಆ ಕಾಲದ ಹಣದಲ್ಲಿ ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಒಡೆಯ ತನ್ನ ಆಳಿಗೆ ಬಿಟ್ಟುಕೊಟ್ಟ ಸಾಲ 10,000 ತಲಾಂತು, ಅಂದರೆ 6 ಕೋಟಿ ದಿನದ ಕೂಲಿ! ಆ ಆಳು ಹೊರಗೆ ಬಂದು, ತನಗೆ ಸಾಲ ಕೊಡಬೇಕಿದ್ದ ಜೊತೆ ಆಳಿನ ಕುತ್ತಿಗೆ ಹಿಡಿದದ್ದು ಬರೀ 100 ದಿನದ ಕೂಲಿಗೆ. ಆದರೆ 100 ದಿನದ ಕೂಲಿ ಸಣ್ಣದೇನಲ್ಲ, ನೋಡು. ಮೂರು ತಿಂಗಳ ಅಕ್ಕಿ. ಅವನಿಗೆ ನಿಜವಾಗಿಯೂ ನಷ್ಟ ಆಗಿತ್ತು. ನಮಗೂ ಆಗಿದೆ. ಚಿಕ್ಕಪ್ಪ ಕ್ಷಮೆ ಕೇಳಿಲ್ಲ, ಕೇಳುವ ಹಾಗೂ ಕಾಣುವುದಿಲ್ಲ. ಯೋಗ್ಯತೆ ಇದ್ದವನಿಗೆ ಕೊಟ್ಟರೆ ಅದು ಸಂಬಳ ಆಯಿತು, ಕೃಪೆ ಹೇಗಾಗುತ್ತದೆ? ನೀನೂ ದೊಡ್ಡವಳಾಗಿದ್ದೀಯ, ಇನ್ನಾದರೂ... ನೋಡು, ಮತ್ತೆ ಉಪದೇಶ ಶುರುಮಾಡಿದೆ.

ನೀನು ನನ್ನ ಪರ ನಿಂತೆ ಅಂತ ಈಗಲೂ ಹೆಮ್ಮೆ ಇದೆ, ಸುಳ್ಳು ಹೇಳಲಾರೆ. ಭಯ ಒಂದೇ, ನಾಳೆ ನೀನು ನಿನ್ನ ಮಗುವಿನ ಕೈ ಎಳೆದರೆ?

ಚಿಕ್ಕಪ್ಪನ ಹೆಸರು ಬರೆದ ಮದುವೆ ಕಾರ್ಡ್ ಮೇಜಿನ ಮೇಲಿದೆ. ನೀನು ಹೂಂ ಅನ್ನುವವರೆಗೆ ಕೊಡುವುದಿಲ್ಲ. ಈ ಭಾನುವಾರ ರಾತ್ರಿ ಭೋಜನ ಇದೆ. ಮಂಡಿ ನೋವಂತೆ, ಅವನು ಈಗ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಾನೆ. ಅಲ್ಲಿಯವರೆಗೆ ನಾನೇ ಎದ್ದು ಹೋಗಬೇಕು.

ನಿನ್ನ ಅಪ್ಪ